ಹಳೇ ಅಕ್ಷರ ಎಲ್ಲಾ ತೆಗೀಬೇಕು

ಫೋನಿನ ಆ ಕಡೆಯ ಉಸಿರು ಕೇಳಿದರೆ ಸಾಕು, ಮಾತಾಡುವವರ ಸ್ಥಿತಿ ಏನೆಂದು ಭಾಗಮ್ಮನಿಗೆ ಗೊತ್ತಾಗುತ್ತಿತ್ತು. ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತಿನಲ್ಲಿ ಹನ್ನೊಂದು ವರ್ಷ ಕೂತವಳು. ಸಾವಿನ ಸುದ್ದಿ ಕೇಳಿ ಕುಸಿದವರನ್ನೂ, ಸಂಬಂಧ ಕುದುರಿತೆಂದು ಕುಣಿದವರನ್ನೂ ಗಾಜಿನ ಬಾಗಿಲ ಈಚೆಯಿಂದ ನೋಡಿದ್ದಳು. ಮೊಬೈಲು ಬಂದು ಬೂತು ಮುಚ್ಚಿದ ಮೇಲೆ ಬಸವಕಲ್ಯಾಣದ ಗುರುಶಾಂತ ಅವಳನ್ನು ಕೆಲಸಕ್ಕೆ ಕರೆದದ್ದೂ ಅದಕ್ಕೇ. “ಕಂಪ್ಯೂಟರ್ ನಾ ಕಲಸ್ತೀನ್ರಿ ಭಾಗಕ್ಕ. ಜನರ ಜೋಡಿ ಸಮಾಧಾನದಿಂದ ಮಾತಾಡೋದು ನನ್ನ ಕೈಲಿ ಆಗಂಗಿಲ್ಲ. ಅದು ನೀವು ಮಾಡ್ರಿ” ಅಂದಿದ್ದ.

2005ರ ಫೆಬ್ರವರಿಯ ಆ ದಿನ, ಬೆಳಿಗ್ಗೆ ಹತ್ತಕ್ಕೆ ಅವಳು ಫೋನ್ ಎತ್ತಿದಾಗ ಆ ಕಡೆ ಬರೀ ಉಸಿರಿತ್ತು.

“ಬಣ್ಣಗಾರ ಆಫೀಸ್ರಿ. ಯಾರು ಮಾತಾಡೋದು?”

“ಅಕ್ಕೋರೆ, ನಾ ನರಸಿಂಗ. ಹುಮನಾಬಾದಿಂದ.” ಮತ್ತೆ ಉಸಿರು. “ನನ್ನ ಅಕ್ಷರ ಹೋದವ್ರಿ.”

ಬಣ್ಣಗಾರ ಎಂಬುದು ಗುರುಶಾಂತ ನಾಲ್ಕು ವರ್ಷ ಕೂತು ಬರೆದ ಸಾಫ್ಟ್‌ವೇರ್. ಬೋರ್ಡು, ಬ್ಯಾನರು, ಲಗ್ನಪತ್ರಿಕೆಗಳನ್ನು ಕನ್ನಡದಲ್ಲಿ ಚಿತ್ರಿಸಲು ಮಾಡಿದ್ದು. ಬೀದರ್, ಗುಲ್ಬರ್ಗ ಕಡೆಯ ತೊಂಬತ್ತು ಅಂಗಡಿ, ಪ್ರೆಸ್ಸುಗಳಲ್ಲಿ ಅದು ನಡೆಯುತ್ತಿತ್ತು. ತೊಡಕಿಗೆ ಸಿಕ್ಕವರೆಲ್ಲ ಭಾಗಮ್ಮನಿಗೆ ಫೋನ್ ಮಾಡುತ್ತಿದ್ದರು. ಅವರು ಕೇಳಿದ್ದನ್ನು ಅವರದೇ ಮಾತಿನಲ್ಲಿ, ಅದರ ಕೆಳಗೆ ತಾನು ಹೇಳಿದ್ದನ್ನು ತನ್ನ ಮಾತಿನಲ್ಲಿ ಅವಳು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಎರಡು ವರ್ಷಕ್ಕೆ ನಾಲ್ಕು ನೋಟ್‌ಬುಕ್ ತುಂಬಿದವು. ಅವನ್ನೇ ಗುರುಶಾಂತ ಕಂಪ್ಯೂಟರಿಗೆ ಉಣಿಸಿ ಬಣ್ಣಗಾರದ ಮೂಲೆಯಲ್ಲಿ ‘ಕೇಳ್ರಿ’ ಎಂಬ ಗುಂಡಿ ಮಾಡಿದ್ದ. ಅದನ್ನು ಒತ್ತಿ ಏನು ಬೇಕೋ ನಮ್ಮ ಮಾತಿನಲ್ಲೇ ಟೈಪ್ ಮಾಡಿದರೆ, ಅದು ಒಂದೊಂದು ಶಬ್ದವನ್ನೂ ತೂಗಿ, ನೋಟ್‌ಬುಕ್ಕಿನ ಸಾವಿರದಿನ್ನೂರು ಪ್ರಶ್ನೆಗಳಲ್ಲಿ ಹತ್ತಿರದ್ದನ್ನು ಹುಡುಕಿ, ಭಾಗಮ್ಮನ ಉತ್ತರವನ್ನು ತೆರೆಯ ಮೇಲೆ ತರುತ್ತಿತ್ತು. ಉಪಯೋಗವಾಯಿತು ಎಂದು ಜನ ಒತ್ತಿದಷ್ಟೂ ಅದರ ಅಂದಾಜು ಸುಧಾರಿಸುತ್ತಿತ್ತು. “ಇದಕ್ಕೇ ಕೃತಕ ಬುದ್ಧಿ ಅಂತಾರ ನೋಡ್ರಿ” ಎಂದು ಗುರುಶಾಂತ ಬೀಗಿದ್ದ. ಪರೀಕ್ಷೆಗೆಂದು ಅದನ್ನು ಐದು ಜನರಿಗೆ ಮಾತ್ರ ಕೊಟ್ಟಿದ್ದರು. ಅವರಲ್ಲಿ ನರಸಿಂಗ ಒಬ್ಬ.

ನರಸಿಂಗ ಮೂವತ್ತು ವರ್ಷ ಬೋರ್ಡು ಬರೆದವನು. ಹುಮನಾಬಾದಿನಿಂದ ಮನ್ನಾಏಖೇಳ್ಳಿಯವರೆಗೆ ಹೈವೇ ಬದಿಯ ಅರ್ಧ ಅಂಗಡಿಗಳ ಹೆಸರು ಅವನ ಕೈಯವು. ಐವತ್ತಾರು ದಾಟಿದ ಮೇಲೆ ಬಲಗೈ ನಡುಗತೊಡಗಿತು. ಕುಂಚ ಹಿಡಿದರೆ ಗೆರೆ ಒಡೆಯುತ್ತಿತ್ತು. ಮೌಸಿನಲ್ಲಾದರೆ ತಪ್ಪಿದ ಗೆರೆಯನ್ನು ಹಿಂದಕ್ಕೆ ಎಳೆಯಬಹುದು, ಹತ್ತು ಸಲ ತಿದ್ದಬಹುದು. ಹಾಗೆ ಏಳು ತಿಂಗಳಿಂದ ತನ್ನ ಬೋರ್ಡಿನ ಅಕ್ಷರಗಳನ್ನು ಒಂದೊಂದಾಗಿ ಬಣ್ಣಗಾರದಲ್ಲಿ ಬರೆದು ಕೂಡಿಸುತ್ತಿದ್ದ. ಸ್ವರ, ವ್ಯಂಜನ, ಒತ್ತು, ಕೊಂಬು ಎಲ್ಲ ಸೇರಿ ನೂರಾ ಹನ್ನೆರಡು ಆಗಿದ್ದವು.

“ಹೋದವು ಅಂದ್ರ? ಕಾಣವಲ್ಲವೇನ್ರಿ?”

“ಇಲ್ಲೇ ಇಲ್ರಿ. ಇಂದು ಮಧ್ಯಾಹ್ನ ನಿಮ್ಮ ಸರ್ ಹೈದರಾಬಾದಿನವರನ್ನ ಕರಕೊಂಡು ಬರ್ತಾರಲ್ಲ, ಅವರಿಗೆ ತೋರಸ್ಬೇಕಂತ ಹಳೇ ಅಕ್ಷರ ಎಲ್ಲಾ ಒಮ್ಮೆಗೇ ತೆಗೀಬೇಕಂತ ಮಾಡಿದೆ. ಹ್ಯಾಂಗಂತ ಗೊತ್ತಾಗಲಿಲ್ಲ. ‘ಕೇಳ್ರಿ’ಗೆ ಕೇಳಿದೆ.”

“ಏನಂತ ಬರದ್ರಿ? ಇದ್ದಂಗ ಹೇಳ್ರಿ.”

“‘ಹಳೇ ಅಕ್ಷರ ಎಲ್ಲಾ ತೆಗೀಬೇಕು’ ಅಂತ.”

ಭಾಗಮ್ಮ ಪೆನ್ನು ಕೆಳಗಿಟ್ಟಳು. ಬಾಗಿಲು ತೆಗಿ ಅಂದರೆ ತೆರೆ ಎಂದರ್ಥ. ಕಸ ತೆಗಿ ಅಂದರೆ ಇಲ್ಲದಂತೆ ಮಾಡು ಎಂದರ್ಥ. ಮನುಷ್ಯರಿಗೆ ಇದು ಗೊಂದಲವೇ ಅಲ್ಲ. ಆದರೆ ಮೂರನೇ ನೋಟ್‌ಬುಕ್ಕಿನಲ್ಲಿ ಚಿಟಗುಪ್ಪದ ಪ್ರೆಸ್ಸಿನ ಬಕ್ಕಪ್ಪ ಎಂಬವರು ಕೇಳಿದ ಪ್ರಶ್ನೆಯೊಂದಿತ್ತು: ‘ಬ್ಯಾಡಾದ ಹಳೇ ಅಕ್ಷರ ಎಲ್ಲಾ ತೆಗೀಬೇಕು.’ ಅವರಿಗೆ ಬೇಕಿದ್ದದ್ದು ಅಳಿಸುವುದು. ಅದಕ್ಕೆ ತಾನು ಕೊಟ್ಟ ಉತ್ತರ ಅವಳಿಗೆ ಬಾಯಿಪಾಠವಿತ್ತು. ಆದರೂ ಕೇಳಿದಳು.

“ಅದು ಏನ್ ಹೇಳ್ತು?”

“ಎಲ್ಲಾ ಗುರುತು ಹಾಕ್ರಿ, ಕೆಂಪು ಗುಂಡಿ ಒತ್ರಿ ಅಂತು. ‘ಇಂಗ್ಲಿಷ್‌ದಾಗ ಒಂದು ಡಬ್ಬಿ ಬರ್ತದ, ಅಂಜಬ್ಯಾಡ್ರಿ, ಯೆಸ್ ಒತ್ರಿ. ಮತ್ತೊಮ್ಮೆ ಕೇಳ್ತದ, ಮತ್ತೂ ಯೆಸ್ ಒತ್ರಿ’ ಅಂತು. ಮೊದಲ ಡಬ್ಬಿಗೆ ನನ್ನ ಕೈ ಹಿಂದ ಸರೀತ್ರಿ. ಆದ್ರ ಅಂಜಬ್ಯಾಡ್ರಿ ಅಂತ ಇತ್ತಲ್ಲ. ನಿಮ್ಮ ಮಾತೇ ಅನಿಸ್ತು. ಒತ್ತಿದೆ.”

ಗುರುಶಾಂತ ಒಮ್ಮೆ ಹೇಳಿದ್ದು ಭಾಗಮ್ಮನಿಗೆ ನೆನಪಾಯಿತು. ಅಳಿಸಿದ್ದು ಕೂಡಲೇ ಡಿಸ್ಕಿನಿಂದ ಹೋಗುವುದಿಲ್ಲ. ಅದರ ಮೇಲೆ ಬೇರೇನಾದರೂ ಬರೆಯುವತನಕ ಅಲ್ಲೇ ಇರುತ್ತದೆ.

“ಅಣ್ಣಾರೆ, ಕಂಪ್ಯೂಟರ್ ಚಾಲೂ ಅದ ಏನು? ವೈರ್ ಕಿತ್ತಿಬಿಡ್ರಿ. ಈಗಿಂದೀಗ. ನಾ ಬರೂತನ ಯಾರೂ ಮುಟ್ಟಬಾರದು.”

“ಹನ್ನೊಂದಕ್ಕ ಶೈಲೇಶ ಬರ್ತಾನ್ರಿ. ಅವಂದು ಬ್ಯಾನರ್ ಕೆಲಸ ಅದ.” ಶೈಲೇಶ ಎಂದರೆ ನರಸಿಂಗನ ಮಗ. ಬ್ಯಾನರ್ ವ್ಯಾಪಾರ ಅವನದು, ಕಂಪ್ಯೂಟರೂ ಅವನದೇ.

“ಅವರಿಗೂ ಹೇಳ್ರಿ, ಮುಟ್ಟಬ್ಯಾಡಂತ.”

ಆ ಕಡೆ ಫೋನ್ ಇಟ್ಟ ಸದ್ದಾಯಿತು.

ಒಳಕೋಣೆಯಲ್ಲಿ ಗುರುಶಾಂತ ಇಸ್ತ್ರಿಯ ಶರ್ಟು ತೊಟ್ಟು ಸಿಡಿಗಳಿಗೆ ಹೆಸರು ಬರೆಯುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಹೈದರಾಬಾದಿನ ವಿತರಕ ಓಂಪ್ರಕಾಶ ಬರುವವನಿದ್ದ. ಅವನು ಒಪ್ಪಿದರೆ ಬಣ್ಣಗಾರ ಮೂರು ರಾಜ್ಯದ ಅಂಗಡಿಗಳಿಗೆ ಹೋಗುತ್ತಿತ್ತು. ಆಫೀಸಿಗಿಂತ ಕೆಲಸ ಮಾಡುವವರ ಹತ್ತಿರವೇ ನೋಡುತ್ತೇನೆ ಎಂದು ಓಂಪ್ರಕಾಶ ಹೇಳಿದ್ದಕ್ಕೆ ಗುರುಶಾಂತ ನರಸಿಂಗನ ಅಂಗಡಿಯನ್ನೇ ಆರಿಸಿದ್ದ. ಭಾಗಮ್ಮ ನಡೆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಅವನ ಕೈಯ ಪೆನ್ನು ನಿಂತಿತ್ತು.

“ಎಚ್ಚರಿಕೆ ಡಬ್ಬಿ ಬಂದಿತ್ತಲ್ಲ! ಎರಡು ಸಲ ಕೇಳ್ಯಾದ. ಅವನೇ ಒತ್ಯಾನ.”

“ಇಂಗ್ಲಿಷ್‌ದಾಗ ಕೇಳ್ಯಾದ್ರಿ ಸರ್. ಕನ್ನಡದಾಗ ಅಂಜಬ್ಯಾಡ್ರಿ ಅಂದದ್ದು ನಾವು.”

ಗುರುಶಾಂತ ಡ್ರಾದಿಂದ ಒಂದು ಸಿಡಿ ತೆಗೆದುಕೊಟ್ಟ. ಅಳಿಸಿಹೋದ ಫೈಲು ಹುಡುಕುವ ಸಾಫ್ಟ್‌ವೇರ್. ಜೊತೆಗೆ ತನ್ನ ಪೆನ್ ಡ್ರೈವ್. “ಸಿಕ್ಕದ್ದನ್ನ ಅದೇ ಡಿಸ್ಕಿಗೆ ಇಡಬ್ಯಾಡ್ರಿ, ಇದಕ್ಕ ಹಾಕ್ರಿ. ನಾ ಓಂಪ್ರಕಾಶ ಅವರನ್ನ ಕರಕೊಂಡು ಸೀದಾ ಅಲ್ಲಿಗೇ ಬರ್ತೀನಿ.” ಆಮೇಲೆ ಅವಳ ಮುಖ ನೋಡದೆ ಹೇಳಿದ. “ನರಸಿಂಗಗ ಹಾರ್ಡ್ ಡಿಸ್ಕ್ ಕೆಟ್ಟದ ಅಂತ ಹೇಳ್ರಿ. ‘ಕೇಳ್ರಿ’ ಹೆಸರು ಎತ್ತಬ್ಯಾಡ್ರಿ. ಭಾಗಕ್ಕ, ಈ ವ್ಯವಹಾರ ಹೋದ್ರ ನಮ್ಮ ಆಫೀಸ್ ಉಳಿಯಂಗಿಲ್ಲ. ನೀವೂ ಇರಂಗಿಲ್ಲ, ನಾನೂ ಇರಂಗಿಲ್ಲ.”

ಹತ್ತೂಮುಕ್ಕಾಲಿನ ಬಸ್ಸು ಸಿಕ್ಕಿತು. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಜನ ತುಂಬಿಸಿಕೊಳ್ಳಲು ಡ್ರೈವರ್ ಕಾಲು ಗಂಟೆ ನಿಲ್ಲಿಸಿದ. ಹೈವೇಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಆಮೆಯಂತೆ ಮುಂದೆ ಹೋಗುತ್ತಿತ್ತು. ಭಾಗಮ್ಮ ಅಂಗಡಿಗೆ ಮೂರು ಸಲ ಮೊಬೈಲು ಮಾಡಿದಳು; ಎರಡು ಸಲ ರೇಂಜು ಸಿಗಲಿಲ್ಲ, ಒಂದು ಸಲ ಯಾರೂ ಎತ್ತಲಿಲ್ಲ. ಪಕ್ಕದ ಹೆಂಗಸು ಕಿಟಕಿ ಮುಚ್ಚಿರಿ, ಧೂಳು ಎಂದದ್ದು ಅವಳಿಗೆ ಎರಡನೇ ಸಲಕ್ಕೆ ಕೇಳಿಸಿತು. ನರಸಿಂಗ ಮಗನಿಗೆ ಹೇಳಿರುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಾಗಿತ್ತು. ಫೋನ್ ಇಟ್ಟ ರೀತಿಯೇ ಹೇಳುತ್ತಿತ್ತು. ಯಂತ್ರ ತಪ್ಪು ಹೇಳಬಹುದೆಂದು ಅವನಿಗೆ ಹೊಳೆದೇ ಇಲ್ಲ. ಏಳು ತಿಂಗಳ ಕೆಲಸವನ್ನು ತಾನೇ ಕೈಯಾರೆ ಹಾಳುಮಾಡಿಕೊಂಡೆ, ಇಂಗ್ಲಿಷ್ ಬಾರದವನ ಗತಿ ಇಷ್ಟೇ ಎಂದುಕೊಂಡು ಕೂತಿರುತ್ತಾನೆ.

ಅವಳು ಅಂಗಡಿ ತಲುಪಿದಾಗ ಹನ್ನೊಂದು ಐವತ್ತು. ನರಸಿಂಗ ಹೊರಗಿನ ಕಲ್ಲು ಕಟ್ಟೆಯ ಮೇಲೆ ಕೂತು, ನಡುಗುವ ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡಿದ್ದ. ಒಳಗೆ ಕಂಪ್ಯೂಟರು ಚಾಲೂ ಇತ್ತು. ಶೈಲೇಶ ಬಟ್ಟೆ ಅಂಗಡಿಯ ಬ್ಯಾನರಿಗೆ ಬಣ್ಣ ತುಂಬುತ್ತಿದ್ದ.

“ಶೈಲೇಶ, ಕೈ ತೆಗೀರಿ! ಮೌಸ್ ಬಿಡ್ರಿ!”

ಅವನು ಬೆಚ್ಚಿ ತಿರುಗಿದ. “ಯಾಕ್ರಿ ಮೇಡಮ್? ಒಂದು ಗಂಟೆಗೆ ಕೊಡ್ಬೇಕು ಇದು. ಸೇವ್ ಮಾಡಿ ಎದ್ದುಬಿಡ್ತೀನಿ.”

“ಸೇವ್ ಮಾಡಬ್ಯಾಡ್ರಿ! ಈಗಾಗಲೇ ಎಷ್ಟು ಸಲ ಮಾಡೀರಿ?”

“ಎರಡೋ ಮೂರೋ. ಏನಾಗ್ಯಾದ್ರಿ?” ಅವನ ದನಿ ಏರಿತು. “ಅಪ್ಪಾ, ಏನಾಗ್ಯಾದ?”

ನರಸಿಂಗ ಬಾಗಿಲಲ್ಲಿ ಬಂದು ನಿಂತ. “ನಂದೇ ತಪ್ಪದ” ಎಂದಷ್ಟೇ ಅಂದ.

ಗುರುಶಾಂತ ಕಲಿಸಿಕೊಟ್ಟ ಮಾತು ಭಾಗಮ್ಮನ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಎಷ್ಟು ಹಗುರ! ಡಿಸ್ಕು ತಾನಾಗೇ ಕೆಟ್ಟದ್ದು. ಯಾರೂ ತಪ್ಪಿತಸ್ಥರಲ್ಲ. ನರಸಿಂಗನ ಮುಖ ನೋಡಿದಳು.

“ಅವರ ತಪ್ಪಿಲ್ಲ ಶೈಲೇಶ. ಅವರು ಅಕ್ಷರ ತೆರಿಬೇಕಂತ ಕೇಳಿದ್ರು. ನಮ್ಮ ‘ಕೇಳ್ರಿ’ ಅಳಸೋದು ಹೇಳಿಕೊಡ್ತು. ಆ ಉತ್ತರ ಬರೆದಾಕಿ ನಾನು. ಏಳು ತಿಂಗಳಿಂದ ಇವರು ಬರೆದದ್ದೆಲ್ಲ ಅಳಿಸಿ ಹೋಗ್ಯಾದ. ಡಿಸ್ಕಿನ ಮ್ಯಾಲ ನೀವು ಬರೆದಷ್ಟೂ ಅವು ಸಿಗಂಗಿಲ್ಲ.”

ಶೈಲೇಶ ಅಪ್ಪನನ್ನು ನೋಡಿದ, ತೆರೆಯ ಮೇಲಿನ ಅರ್ಧ ಬ್ಯಾನರನ್ನು ನೋಡಿದ. ಕುರ್ಚಿ ಬಿಟ್ಟು ಎದ್ದ.

ಭಾಗಮ್ಮ ಸಿಡಿ ಹಾಕಿದಳು. ಗುರುಶಾಂತ ಇದನ್ನು ನಡೆಸುವುದನ್ನು ಎರಡು ಸಲ ನೋಡಿದ್ದಳು, ತಾನೇ ನಡೆಸಿರಲಿಲ್ಲ. ತೆರೆಯ ಮೇಲೆ ಒಂದು ನೀಲಿ ಪಟ್ಟಿ ಇರುವೆಯಂತೆ ಸರಿಯತೊಡಗಿತು. ಹನ್ನೆರಡೂವರೆಗೆ ನೂರಕ್ಕೆ ಹದಿನೆಂಟು. ಒಂದಕ್ಕೆ ಮೂವತ್ತೊಂಬತ್ತು.

“ಎರಡಕ್ಕ ಲೈಟ್ ಹೋಗ್ತದ್ರಿ” ಎಂದ ಶೈಲೇಶ. “ದಿನಾ ಹೋಗ್ತದ. ಯುಪಿಎಸ್ ಎಂಟು ನಿಮಿಷ ತಡೀತದ, ಭಾಳಂದ್ರ ಹತ್ತು.”

“ನಡುವ ನಿಂತ್ರ ಮತ್ತ ಮೊದಲಿಂದ ಶುರು ಮಾಡ್ಬೇಕು” ಎಂದಳು ಭಾಗಮ್ಮ. ಶುರು ಮಾಡುವುದೆಂದರೆ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುವುದು. ಚಾಲೂ ಆಗುವಾಗಲೂ ಅದು ಡಿಸ್ಕಿನ ಮೇಲೆ ಏನಾದರೂ ಗೀಚುತ್ತದೆ. ಅಷ್ಟನ್ನು ಅವಳು ಹೇಳಲಿಲ್ಲ. ಶೈಲೇಶನಿಗೆ ಅರ್ಥವಾದಂತಿತ್ತು. ಅವನು ಮೇಲಿನ ಫ್ಯಾನು, ದೀಪ, ಪ್ರಿಂಟರು ಎಲ್ಲ ಆರಿಸಿದ, ಯುಪಿಎಸ್‌ಗೆ ಸಿಕ್ಕಿಸಿದ್ದ ಚಾರ್ಜರನ್ನೂ ಕಿತ್ತ. ಬಟ್ಟೆ ಅಂಗಡಿಯವರಿಂದ ಫೋನು ಬಂತು. “ಆಗಿಲ್ರಿ ಸೇಠ್‌ಜಿ. ಇಲ್ರಿ, ಇಂದು ಆಗಂಗಿಲ್ಲ” ಎಂದು ಹೇಳಿ, ಆ ಕಡೆಯ ಬೈಗುಳ ಮುಗಿಯುವವರೆಗೆ ಕೇಳಿಸಿಕೊಂಡು ಇಟ್ಟ.

ಮೂವರೂ ಆ ಪಟ್ಟಿಯನ್ನೇ ನೋಡುತ್ತ ಕೂತರು. ಫ್ಯಾನಿಲ್ಲದೆ ಭಾಗಮ್ಮನ ಕುತ್ತಿಗೆಯಲ್ಲಿ ಬೆವರು ಇಳಿಯಿತು. ನರಸಿಂಗ ಒಮ್ಮೆ ಮಾತ್ರ ಮಾತಾಡಿದ. “ಮೂರು ಸಲ ಬರದೇನ್ರಿ ‘ಖ’. ಮೂರನೇದು ಬರೋಬ್ಬರಿ ಬಂದಿತ್ತು.”

ಒಂದು ನಲವತ್ತೆಂಟಕ್ಕೆ ಪಟ್ಟಿ ತುಂಬಿತು. ಹೆಸರುಗಳ ಉದ್ದನೆಯ ಸಾಲು ತೆರೆಯ ಮೇಲೆ ಬಂತು. ನೆಟ್ಟಗಿದ್ದವಕ್ಕೆ ಹಸಿರು ಚುಕ್ಕೆ, ಕೆಟ್ಟಂತಿದ್ದವಕ್ಕೆ ಕೆಂಪು. ಭಾಗಮ್ಮ ಪೆನ್ ಡ್ರೈವ್ ಸಿಕ್ಕಿಸಿ ಎಲ್ಲವನ್ನೂ ಒಟ್ಟಿಗೆ ಕಳಿಸಿದಳು. ಹದಿನಾಲ್ಕು ಬಂದವು. ಮೂವತ್ತು. ಎರಡಕ್ಕೆ ಸರಿಯಾಗಿ ಬೀದಿಯ ಗಿರಣಿ ಸದ್ದು ನಿಂತಿತು, ಯುಪಿಎಸ್ ಕೂಗತೊಡಗಿತು. ಐವತ್ತೆರಡು. ಕೆಂಪು ಚುಕ್ಕೆಯ ಒಂದು ಫೈಲಿನಲ್ಲಿ ಅದು ಸಿಕ್ಕಿಹಾಕಿಕೊಂಡು ಮುಂದೆ ಹೋಗಲಿಲ್ಲ. ನಿಮಿಷ ಕಳೆಯಿತು. ಬಿಟ್ಟು ಮುಂದೆ ಹೋಗಲೇ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು.

“ಇದು ಯಾವ ಅಕ್ಷರ?” ಎಂದ ನರಸಿಂಗ.

ಭಾಗಮ್ಮ ಹೆಸರು ಓದಿದಳು. “ಖ.”

ನರಸಿಂಗ ಕಣ್ಣು ಮುಚ್ಚಿ ತೆರೆದ. “ಬಿಡ್ರಿ. ಮುಂದ ನಡೀರಿ.”

ಯುಪಿಎಸ್ ಒಂದೇ ಸಮನೆ ಅರಚಿ ಸತ್ತಾಗ ಎಪ್ಪತ್ತೊಂಬತ್ತು ಬಂದಿದ್ದವು.

ಮೂರೂಕಾಲಿಗೆ ಗುರುಶಾಂತನ ಮೋಟಾರ್ ಸೈಕಲ್ಲು, ಅದರ ಹಿಂದೆ ಓಂಪ್ರಕಾಶನ ಕಾರು ಬಂದು ನಿಂತವು. ಓಂಪ್ರಕಾಶ ನಲವತ್ತೈದರ ದಪ್ಪ ಮನುಷ್ಯ. ಹುಟ್ಟೂರು ಬೇಮಳಖೇಡವಾದ್ದರಿಂದ ಮಾತೂ ಇಲ್ಲಿಯದೇ. ಕರೆಂಟಿಲ್ಲ ಎಂದು ತಿಳಿದು ನಕ್ಕ. “ಫಿಕರ್ ಬ್ಯಾಡ್ರಿ, ನನ್ನ ಲ್ಯಾಪ್‌ಟಾಪ್‌ದಾಗ ನೀವು ಕಳಿಸಿದ ಬಣ್ಣಗಾರ ಅದ. ಇದರಾಗೇ ನೋಡೂಣು.” ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟ.

ಗುರುಶಾಂತ ಭಾಗಮ್ಮನ ಕಡೆ ಹುಬ್ಬೆತ್ತಿ ನೋಡಿದ. ಅವಳು ಪೆನ್ ಡ್ರೈವ್ ತೋರಿಸಿದಳು. ಅವನ ಮುಖ ಸ್ವಲ್ಪ ಸಡಿಲಾಯಿತು. ಮೊದಲೇ ಗೊತ್ತುಮಾಡಿಕೊಂಡಿದ್ದ ಐದು ಪ್ರಶ್ನೆಗಳನ್ನು ‘ಕೇಳ್ರಿ’ಗೆ ಹಾಕಿದ. ಐದಕ್ಕೂ ಚೊಕ್ಕ ಉತ್ತರ ಬಂತು. ಓಂಪ್ರಕಾಶ ತಲೆದೂಗಿದ. ಆಮೇಲೆ ಭಾಗಮ್ಮನ ಕಡೆ ತಿರುಗಿದ.

“ಫೋನ್ ಎತ್ತೋರು ನೀವೇ ಅಲ್ಲ? ನೀವೊಂದು ಕೇಳ್ರಿ. ಜನ ನಿಜವಾಗ್ಲೂ ಕೇಳೋದು.”

ಭಾಗಮ್ಮ ಗುರುಶಾಂತನನ್ನು ನೋಡಲಿಲ್ಲ; ನೋಡಿದರೆ ತನ್ನಿಂದ ಆಗುವುದಿಲ್ಲ ಎಂದು ಗೊತ್ತಿತ್ತು. ಬಗ್ಗಿ ಟೈಪ್ ಮಾಡಿದಳು: ಹಳೇ ಅಕ್ಷರ ಎಲ್ಲಾ ತೆಗೀಬೇಕು.

“ಇವರು ಇಂದು ಮುಂಜಾನೆ ಕೇಳಿದ್ದು ಇದನ್ನೇ” ಎಂದು ನರಸಿಂಗನನ್ನು ತೋರಿಸಿದಳು. “ಇವರಿಗೆ ಬೇಕಾಗಿದ್ದದ್ದು ತೆರೆಯೋದು. ಇದು ಏನ್ ಹೇಳ್ತದ ಓದ್ರಿ.”

ಓಂಪ್ರಕಾಶ ಓದಿದ. ಓದುತ್ತ ಅವನ ತುಟಿ ಅಲುಗುತ್ತಿತ್ತು. ‘ಅಂಜಬ್ಯಾಡ್ರಿ’ ಎಂಬಲ್ಲಿ ನಿಂತಿತು. ಗುರುಶಾಂತ “ಅದು ಒಂದೇ ಶಬ್ದದ್ದು...” ಎಂದು ಶುರುಮಾಡಿ ನಿಲ್ಲಿಸಿದ.

“ಎಷ್ಟು ಹೋದವು?” ಎಂದು ಓಂಪ್ರಕಾಶ ನರಸಿಂಗನನ್ನು ಕೇಳಿದ.

“ನೂರಾ ಹನ್ನೆರಡ್ರಿ. ಎಪ್ಪತ್ತೊಂಬತ್ತು ಸಿಕ್ಕಾವ. ಅದರಾಗ ಎಷ್ಟು ನೆಟ್ಟಗ ಅದಾವೋ ಇನ್ನ ನೋಡಿಲ್ರಿ.”

ಓಂಪ್ರಕಾಶ ಲ್ಯಾಪ್‌ಟಾಪ್ ಮಡಚಿದ. ಸಿಟ್ಟಿರಲಿಲ್ಲ. “ಗುರುಶಾಂತ, ಗೊತ್ತಿಲ್ಲದಾಗ ಇದು ಗೊತ್ತಿಲ್ಲ ಅನ್ನಂಗಿಲ್ಲ. ಇದನ್ನ ನಾ ಮಾರಿದ್ರ ಗಿರಾಕಿ ನಿಮ್ಮನ್ನ ಹುಡುಕಂಗಿಲ್ಲ, ನನ್ನ ಕಾಲರ್ ಹಿಡೀತಾರ. ಸರಿ ಮಾಡಿ ಫೋನ್ ಮಾಡ್ರಿ, ಆಮ್ಯಾಲ ನೋಡೂಣು.” ಚಹಾ ಬೇಡವೆಂದು ಕಾರು ಹತ್ತಿದ.

ಗುರುಶಾಂತ ಅರ್ಧ ಗಂಟೆ ಅಂಗಡಿಯ ಹಿಂದೆ ಒಬ್ಬನೇ ನಿಂತಿದ್ದ. ಆಮೇಲೆ ಬಂದು, ನರಸಿಂಗನ ಎದುರು ಕೈ ಜೋಡಿಸಿದ. ನರಸಿಂಗ ಅವನ ಕೈಗಳನ್ನು ಬಿಡಿಸಿದ.

ವಾಪಸು ದಾರಿಯಲ್ಲಿ ಭಾಗಮ್ಮ ಮೋಟಾರ್ ಸೈಕಲ್ಲಿನ ಹಿಂದೆ ಕೂತಿದ್ದಳು. ಕೆಲಸ ಹೋಯಿತೆಂದೇ ತಿಳಿದಿದ್ದಳು. ನಡುವೆ ರಾಜೇಶ್ವರ ಎಂಬ ಊರಲ್ಲಿ ಗುರುಶಾಂತ ಚಹಾದಂಗಡಿಯ ಮುಂದೆ ನಿಲ್ಲಿಸಿ, ಎರಡು ಚಹಾ ಹೇಳಿ, ಗ್ಲಾಸು ತಿರುಗಿಸುತ್ತ ಕೂತ.

“ನೀವು ನನಗ ಮೊದಲೇ ಹೇಳಬಹುದಿತ್ತು, ಹಿಂಗ ತೋರಸ್ತೀನಿ ಅಂತ.”

“ಹೇಳಿದ್ರ ಬಿಡ್ತಿದ್ರೇನು?”

ಅವನು ಒಂದು ಗುಟುಕು ಚಹಾ ಕುಡಿದು ಕೇಳಿದ. “ಫೋನಿನ್ಯಾಗ ಯಾರರೆ ತೆಗೀಬೇಕು ಅಂದಾಗ ನಿಮಗ ಹ್ಯಾಂಗ ಗೊತ್ತಾಗ್ತಿತ್ತು?”

“ಗೊತ್ತಾಗಲಿಲ್ಲಂದ್ರ ಕೇಳ್ತಿದ್ದೆ. ‘ನೋಡಾಕ ತೆಗೀತೀರೇನು, ಒಗ್ಯಾಕ ತೆಗೀತೀರೇನು’ ಅಂತ.”

“ಅದನ್ನ ನೋಟ್‌ಬುಕ್ಕಿನ್ಯಾಗ ಬರೆದಿಲ್ಲ ನೀವು.”

“ಪ್ರಶ್ನೆ, ಉತ್ತರ ಎರಡೇ ಬರೀರಿ ಅಂದಿದ್ರಿ. ನಡುವ ನಾ ಕೇಳಿದ್ದನ್ನ ಬರೀಲಿಲ್ಲ.”

ಗುರುಶಾಂತ ಗ್ಲಾಸು ಕೆಳಗಿಟ್ಟ. ಜೇಬಿನಿಂದ ಪೆನ್ನು, ಬಸ್ ಟಿಕೆಟ್ಟಿನಷ್ಟು ಅಗಲದ ಒಂದು ಚೀಟಿ ತೆಗೆದ. “ಹೇಳ್ರಿ. ಇನ್ನ ಯಾವ್ಯಾವುದಕ್ಕ ಹಿಂಗ ತಿರುಗಿ ಕೇಳ್ತಿದ್ರಿ?” ಚೀಟಿ ಸಾಲದೆ ಚಹಾದಂಗಡಿಯವನಿಂದ ಹಳೆಯ ಪೇಪರು ಇಸಿದುಕೊಂಡು ಅದರ ಅಂಚಿನಲ್ಲೆಲ್ಲ ಬರೆದುಕೊಂಡ.

ಎಂಟು ತಿಂಗಳು ಹಿಡಿಯಿತು. ಉತ್ತರಗಳಲ್ಲಿದ್ದ ಸಮಾಧಾನದ ಮಾತುಗಳನ್ನೆಲ್ಲ ಭಾಗಮ್ಮ ಒಂದೊಂದಾಗಿ ಓದಿ, ಅಳಿಸುವ ಕೆಲಸದ ಹತ್ತಿರ ಇದ್ದವನ್ನು ತೆಗೆದುಹಾಕಿದಳು. ಎಚ್ಚರಿಕೆಯ ಡಬ್ಬಿಗಳು ಕನ್ನಡಕ್ಕೆ ಬಂದವು. ಸಂಶಯವಿದ್ದಲ್ಲಿ ‘ಕೇಳ್ರಿ’ ತಿರುಗಿ ಕೇಳುವುದನ್ನು ಕಲಿಯಿತು. ತಿಳಿಯದಿದ್ದರೆ ಗೊತ್ತಿಲ್ಲ ಎಂದು ಹೇಳಿ ಆಫೀಸಿನ ನಂಬರು ಕೊಡುವುದನ್ನೂ ಕಲಿಯಿತು. ಗುರುಶಾಂತ ಅಂದುಕೊಂಡಷ್ಟಲ್ಲದಿದ್ದರೂ ಓಂಪ್ರಕಾಶ ಅರವತ್ತು ಸಿಡಿ ಒಯ್ದ. ಆಫೀಸು ಉಳಿಯಿತು.

ನರಸಿಂಗನ ಎಪ್ಪತ್ತೊಂಬತ್ತರಲ್ಲಿ ಎಂಟು ಒಡೆದುಹೋಗಿದ್ದವು. ಉಳಿದದ್ದು ಎಪ್ಪತ್ತೊಂದು. ನಲವತ್ತೊಂದನ್ನು ಮತ್ತೆ ಬರೆದ, ಖ ಒಂದನ್ನೇ ಆರು ಸಲ. ಅಪ್ಪ ಬರೆಯಲೆಂದು ಮಧ್ಯಾಹ್ನದವರೆಗೆ ಶೈಲೇಶ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಹೊಸ ಬಣ್ಣಗಾರ ಅವರ ಅಂಗಡಿಗೂ ಹೋಯಿತು. ಆದರೆ ಮೂಲೆಯ ಆ ಗುಂಡಿಯನ್ನು ನರಸಿಂಗ ಮತ್ತೆ ಒತ್ತಲಿಲ್ಲ. ಏನು ಬೇಕಾದರೂ ಭಾಗಮ್ಮನಿಗೇ ಫೋನ್ ಮಾಡುತ್ತಿದ್ದ.

“ಈಗ ಅದು ಬರೋಬ್ಬರಿ ಹೇಳ್ತದ ಅಂತ ತಿಳಿಸಿ ಹೇಳ್ರಿ ಅವರಿಗೆ” ಎಂದು ಗುರುಶಾಂತ ಒಂದೆರಡು ಸಲ ಅಂದ. ಅವನಿಗೆ ಅದೊಂದು ಕೊರಗಾಗಿಯೇ ಉಳಿದಿತ್ತು.

ಭಾಗಮ್ಮ ಹೇಳಲಿಲ್ಲ. ಫೋನು ಬಂದಾಗ ಎತ್ತಿ, ಕುರ್ಚಿ ಎಳೆದುಕೊಂಡು, “ಹೇಳ್ರಿ ಅಣ್ಣಾರೆ” ಎನ್ನುತ್ತಿದ್ದಳು.